ಸ್ಫಟಿಕ ಮತ್ತು ಅಪೊಫಿಲೈಟ್

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ನೆಲದಡಿಯ ಕರಿಶಿಲೆಯು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾರಸದಿಂದ ಉಂಟಾದುದು. ಇಂತಹ ಶಿಲೆಯಲ್ಲಿ ಅನಿಲದ ಗುಳ್ಳೆಗಳು ಉಳಿಸಿದ ಪೊಟರೆಗಳೊಳಗೆ ಖನಿಜಯುಕ್ತ ಜಲವು ಇಳಿದು ಹರಳುಗಳು ಬೆಳೆಯುತ್ತವೆ. ಕಲ್ಯಾಣದಿಂದ ಪುಣೆಯತ್ತ ಸಾಗುವ, 1863ರಲ್ಲಿ ಪೂರ್ಣಗೊಂಡ ರೈಲುಮಾರ್ಗಕ್ಕಾಗಿ ಭೋರ್ ಘಾಟನ್ನು ಕಡಿದಾಗ ದೊರೆತ ಅಪೊಫಿಲೈಟ್ ಹರಳುಗಳು ವಿದೇಶದ ವಸ್ತುಸಂಗ್ರಹಾಲಯಗಳನ್ನೂ ಸೇರಿದವು.

ಬಣ್ಣವಿಲ್ಲದ ಅಪೊಫಿಲೈಟ್ ನೋಟಕ್ಕೆ ಸ್ಫಟಿಕದಂತೆಯೇ ಇರುತ್ತದೆ. ಉಂಗುರಕ್ಕೆ ಹರಳು ಕೊಳ್ಳುವವರು ಇವುಗಳ ಭೇದವನ್ನು ಅರಿತಿರುವುದು ಒಳ್ಳೆಯದು. ಮೋಸ್ ಮಾಪಕದಲ್ಲಿ ಸ್ಫಟಿಕದ ಕಾಠಿಣ್ಯ 7, ಅಪೊಫಿಲೈಟಿನದು 4.5ರಿಂದ 5 ಮಾತ್ರ. ಬೀದಿಯ ಧೂಳಿನಲ್ಲಿ ಸ್ಫಟಿಕದ ಕಣಗಳೇ ಇರುವುದರಿಂದ, ನಿತ್ಯವೂ ಧರಿಸಿದ ಅಪೊಫಿಲೈಟ್ ಬೇಗನೆ ಗೀರುಬಿದ್ದು ಮಾಸುತ್ತದೆ. ಇದಕ್ಕಿಂತ ದೊಡ್ಡ ದೋಷವೆಂದರೆ ಅದರ ಸೀಳು. ಒಂದು ದಿಕ್ಕಿನಲ್ಲಿ ಅದು ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ಆ ಮುಖಕ್ಕೆ ಮುತ್ತಿನ ಹೊಳಪಿರುತ್ತದೆ. ಸ್ಫಟಿಕವಾದರೋ ಒಡೆದಾಗ ಚಿಪ್ಪಿನಂತಹ ಬಾಗುಮೈಯನ್ನು ತೋರುತ್ತದೆ. ಅಕ್ಕಸಾಲಿಗನ ಜ್ವಾಲೆ ತಾಗಿದರಂತೂ ಅಪೊಫಿಲೈಟ್ ತನ್ನೊಳಗಿನ ನೀರನ್ನು ಬಿಟ್ಟು ಪದರುಪದರಾಗಿ ಉದುರುತ್ತದೆ. ಅದರ ಹೆಸರಿನ ಗ್ರೀಕ್ ಮೂಲದಲ್ಲಿರುವ ಅರ್ಥವೂ ಇದೇ.

ಗೀರಿ ನೋಡುವುದರಿಂದ ಹರಳಿಗೆ ಹಾನಿ. ಆದುದರಿಂದ ಪರೀಕ್ಷಕರು ಬೆಳಕನ್ನು ಆಶ್ರಯಿಸುತ್ತಾರೆ. ಎರಡೂ ಖನಿಜಗಳು ಕಿರಣವನ್ನು ಇಬ್ಭಾಗಿಸುತ್ತವೆ. ಸ್ಫಟಿಕದ ವಕ್ರೀಭವನಾಂಕಗಳು 1.544 ಮತ್ತು 1.553, ಇವುಗಳ ಅಂತರ 0.009. ಅಪೊಫಿಲೈಟಿನದು 1.535ರ ಆಸುಪಾಸು, ಅಂತರ ಸಾಮಾನ್ಯವಾಗಿ 0.002ರಷ್ಟು ಅಲ್ಪ. ಉಪಕರಣವಿಲ್ಲದಿದ್ದರೆ ಬಿಡಿ ಹರಳನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿ ಸಾಪೇಕ್ಷ ಸಾಂದ್ರತೆಯನ್ನು ತಿಳಿಯಬಹುದು: ಸ್ಫಟಿಕಕ್ಕೆ 2.65, ಅಪೊಫಿಲೈಟಿಗೆ ಸುಮಾರು 2.35. ಹರಳನ್ನು ಚಿನ್ನದಲ್ಲಿ ಕಟ್ಟಿಸಿದ ಮೇಲೆ ಈ ತೂಕದ ಪರೀಕ್ಷೆ ನಡೆಯದು.