ಹಳೆಯ ತಂತ್ರಾಂಶದ ಮೇಲೆ ಹೊಸ ತಂತ್ರಾಂಶ

ತಾಳೆಮರದ ತಲೆಯಲ್ಲಿ ಆಲದ ಸಸಿಯೊಂದು ಬೆಳೆದಿರುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಹಕ್ಕಿ ತಂದು ಕೆಡವಿದ ಬೀಜವು ಅಲ್ಲಿಯೇ ಮೊಳೆತು, ಬೇರುಗಳನ್ನು ಕೆಳಗಿಳಿಸಿ, ಅವು ನೆಲವನ್ನು ಮುಟ್ಟಿದ ಬಳಿಕ ಬಲಿತು, ಕಾಲಕ್ರಮದಲ್ಲಿ ಆಶ್ರಯವಿತ್ತ ಮರವನ್ನೇ ಸುತ್ತುವರಿದುಬಿಡುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕಾಡುಗಳಲ್ಲಿ ಇಂಥ ಮರಗಳನ್ನು ನೋಡಿದ ಮಾರ್ಟಿನ್ ಫೌಲರ್ ಎಂಬ ತಂತ್ರಾಂಶ ತಜ್ಞರು, ಹಳೆಯ ತಂತ್ರಾಂಶವನ್ನು ನವೀಕರಿಸುವ ಒಂದು ಕ್ರಮಕ್ಕೆ 2004ರಲ್ಲಿ ಇವುಗಳ ಹೆಸರನ್ನೇ ಇಟ್ಟರು.

ಹಳೆಯದನ್ನು ಒಮ್ಮೆಲೇ ಎಸೆದು ಹೊಸದನ್ನು ಬರೆಯಬಾರದೇಕೆ? ನೆಟ್‌ಸ್ಕೇಪ್ ಸಂಸ್ಥೆಯು 1998ರಲ್ಲಿ ತನ್ನ ಬ್ರೌಸರಿನ ವಿಷಯದಲ್ಲಿ ಹೀಗೆಯೇ ಮಾಡಿತು. ಐದನೆಯ ಆವೃತ್ತಿ ಹೊರಬರಲೇ ಇಲ್ಲ. ಆರನೆಯದು ಬಂದುದು 2000ದ ನವೆಂಬರಿನಲ್ಲಿ. ಅಷ್ಟರಲ್ಲಿ ಬಳಕೆದಾರರಲ್ಲಿ ಬಹುಮಂದಿ ಮೈಕ್ರೋಸಾಫ್ಟಿನ ಬ್ರೌಸರಿಗೆ ಹೊರಟುಹೋಗಿದ್ದರು.

ಹಾಗೆಂದು ಹಳೆಯದನ್ನು ಹಾಗೆಯೇ ಬಿಡುವಂತೆಯೂ ಇಲ್ಲ. ವೆಬ್ ಅಪ್ಲಿಕೇಶನ್‌ಗಳನ್ನು ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿನ ಮೇಲೆ ಕಟ್ಟುವುದು ವಾಡಿಕೆ. ಗೂಗಲ್ ಸಂಸ್ಥೆಯ ಆಂಗ್ಯುಲರ್‌ಜೆಎಸ್ 2010ರಲ್ಲಿ ಹೊರಬಂದ ಅಂಥ ಒಂದು ಚೌಕಟ್ಟು. 2016ರಲ್ಲಿ ಅದೇ ಸಂಸ್ಥೆ ಪ್ರಕಟಿಸಿದ ಆಂಗ್ಯುಲರ್ ಹೆಸರಿನಲ್ಲಿ ಮಾತ್ರ ಸೋದರ, ರಚನೆಯಲ್ಲಿ ಬೇರೆಯೇ. 2021ರ ಡಿಸೆಂಬರ್ 31ಕ್ಕೆ ಹಳೆಯದರ ಪೋಷಣೆ ಮುಗಿಯಿತು. ಆಮೇಲೆ ಅದರಲ್ಲಿ ಸುರಕ್ಷತೆಯ ದೋಷವು ಕಂಡುಬಂದರೆ ಗೂಗಲ್ ಅದನ್ನು ತಿದ್ದಿಕೊಡುವುದಿಲ್ಲ.

ಒಂದು ಕಾಲೇಜಿನ ಗ್ರಂಥಾಲಯಕ್ಕೆ ಇಂಥ ಹಳೆಯ ಅಪ್ಲಿಕೇಶನ್ ಇದೆಯೆಂದು ಭಾವಿಸೋಣ. ಮೊದಲು ಅದರ ಮುಂದೆ ದ್ವಾರಪಾಲಕನಂತೆ ಒಂದು ಪ್ರಾಕ್ಸಿಯನ್ನು ನಿಲ್ಲಿಸುತ್ತೇವೆ. ಪುಸ್ತಕ ಹುಡುಕುವ ಪುಟವು ಹೊಸ ಚೌಕಟ್ಟಿನಲ್ಲಿ ಸಿದ್ಧವಾದೊಡನೆ ಆ ವಿಳಾಸದ ಕೋರಿಕೆಗಳನ್ನು ಮಾತ್ರ ಅದು ಹೊಸದರತ್ತ ಕಳುಹಿಸುತ್ತದೆ; ಮಿಕ್ಕವು ಹಳೆಯದಕ್ಕೇ ಹೋಗುತ್ತವೆ. ಹೊಸ ಪುಟ ಕೆಟ್ಟರೆ ದಾರಿಯನ್ನು ಹಿಂದಕ್ಕೆ ತಿರುಗಿಸಿದರಾಯಿತು.

ಒಂದೇ ಪುಟದಲ್ಲಿ ಎರಡೂ ಬೇಕಾದಾಗ ತೊಡಕು ಹೆಚ್ಚು. ಆಂಗ್ಯುಲರ್‌ಜೆಎಸ್ ತಾನು ಗಮನಿಸುತ್ತಿರುವ ಪ್ರತಿಯೊಂದು ಬೆಲೆಯನ್ನೂ ಅದರ ಹಿಂದಿನ ಬೆಲೆಯೊಡನೆ ಹೋಲಿಸುತ್ತದೆ. ಯಾವುದೂ ಬದಲಾಗದ ಸ್ಥಿತಿ ಬರುವವರೆಗೆ ಮತ್ತೆ ಮತ್ತೆ ಸುತ್ತುತ್ತದೆ. ಸಾಮಾನ್ಯವಾಗಿ ಹತ್ತು ಸುತ್ತುಗಳಾದರೂ ನೆಲೆ ಸಿಗದಿದ್ದರೆ ತಪ್ಪೆಂದು ಸಾರಿ ನಿಂತುಬಿಡುತ್ತದೆ. ಆಂಗ್ಯುಲರ್ ಹಾಗಲ್ಲ, ಪುಟದ ಭಾಗಗಳನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಪರೀಕ್ಷಿಸಿ ಮುಗಿಸುತ್ತದೆ. ಇವೆರಡಕ್ಕೂ ಸೇತುವೆಯಾಗಿ ಎನ್‌ಜಿಅಪ್‌ಗ್ರೇಡ್ ಎಂಬ ಸಾಧನವುಂಟು. ಅದರ ಮೂಲಕ್ರಮದಲ್ಲಿ ಹೊಸದು ಎಚ್ಚೆತ್ತಾಗಲೆಲ್ಲ ಹಳೆಯದರ ಸುತ್ತಾಟವೂ ನಡೆಯುತ್ತದೆ. ಎರಡು ಚೌಕಟ್ಟುಗಳನ್ನು ಹೊತ್ತ ಪುಟವು ತುಸು ನಿಧಾನವಾಗುವುದು ಇದರಿಂದಲೇ.

ಇಲ್ಲಿ ಪಾಲಿಸಲೇಬೇಕಾದ ನಿಯಮವೊಂದಿದೆ: ಪುಟದ ಪ್ರತಿಯೊಂದು ಅಂಶಕ್ಕೂ ಒಡೆಯನು ಒಬ್ಬನೇ ಇರಬೇಕು. ದತ್ತಾಂಶದ ವಿಷಯದಲ್ಲಿ ನಾವು ಇನ್ನೂ ಎಚ್ಚರವಾಗಿರಬೇಕು. ವಿದ್ಯಾರ್ಥಿಯೊಬ್ಬನು ಪಡೆದ ಪುಸ್ತಕಗಳ ಲೆಕ್ಕವನ್ನು ಹಳೆಯ ಭಾಗವೊಂದು, ಹೊಸ ಭಾಗವೊಂದು ಎಂದು ಬೇರೆ ಬೇರೆ ಇಟ್ಟುಕೊಂಡರೆ, ಒಂದು ಕಡೆ ಎರಡು ಪುಸ್ತಕ, ಇನ್ನೊಂದು ಕಡೆ ಮೂರು ಎಂದು ಕಾಣಿಸೀತು; ಹಿಂದಿರುಗಿಸಿದ ಪುಸ್ತಕಕ್ಕೂ ದಂಡ ಬಿದ್ದೀತು! ಆದುದರಿಂದ ಲೆಕ್ಕವಿಡುವ ಸೇವೆ ಒಂದೇ ಇದ್ದು, ಸೇತುವೆಯ ಮೂಲಕ ಇಬ್ಬರಿಗೂ ಅದೇ ದೊರೆಯುವಂತೆ ಮಾಡುತ್ತಾರೆ.

ನಮ್ಮ ಎಣಿಕೆಯಲ್ಲಿ ಇಡೀ ಕಾರ್ಯದ ಅತಿ ದೊಡ್ಡ ಅಪಾಯವು ಯಾಂತ್ರಿಕವಾದುದಲ್ಲ. ಅರ್ಧ ಕೆಲಸವಾದ ಮೇಲೆ ಉತ್ಸಾಹ ಇಳಿದು, ಎರಡು ಚೌಕಟ್ಟುಗಳನ್ನೂ ವರ್ಷಾನುಗಟ್ಟಲೆ ಸಾಕುವ ಸ್ಥಿತಿ ಒದಗುವುದುಂಟು. ಕೊನೆಯ ಹಳೆಯ ಪುಟವನ್ನು ತೆಗೆದು, ಸೇತುವೆಯನ್ನೂ ಕಿತ್ತುಹಾಕಿದ ಮೇಲೆಯೇ ಬ್ರೌಸರಿಗೆ ಆ ಇಮ್ಮಡಿ ದುಡಿಮೆ ತಪ್ಪುತ್ತದೆ.