ಬಚ್ಚಲುಮನೆಯ ಹೊಸ ಗೀಸರಿಗೆ ಮೂರು ಕಾವಲು

ಫಸಲಿನ ಹಣ ಕೈಸೇರಿದಾಗ ಹಳೆಯ ಗೀಸರ್ ತೆಗೆದು ಹೊಸದನ್ನು ಹಾಕಿಸುವ ಸದಸ್ಯರು ಅನೇಕರು. ನೀರು ಬಿಸಿಯಾದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಒದ್ದೆ ಮೈಯಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಆದ್ದರಿಂದ ಈ ಮೂರನ್ನೂ ಆಗಲೇ ಸರಿಪಡಿಸಿಕೊಳ್ಳಬೇಕು.

1. ಎಂ.ಸಿ.ಬಿ.: 3 ಕಿಲೋವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ದೀಪದ ಲೈನಿನಿಂದ ಕವಲು ತೆಗೆಯದೆ, ಮೈನ್ ಬೋರ್ಡಿನಿಂದ ಪ್ರತ್ಯೇಕ ತಾಮ್ರದ ತಂತಿ ಎಳೆಸಿ 16 ಆಂಪಿಯರಿನ ಎಂ.ಸಿ.ಬಿ. ಹಾಕಿಸಿರಿ. ಇದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

2. ಅರ್ಥಿಂಗ್: ಗೀಸರಿನ ಲೋಹದ ಮೈಗೆ ಅರ್ಥ್ ತಂತಿ ಸೇರಿರಲೇಬೇಕು. ನೀರಿನ ಪೈಪನ್ನು ನಂಬಬೇಡಿರಿ; ನಡುವೆ ಪಿ.ವಿ.ಸಿ. ತುಂಡು ಇದ್ದರೆ ಸಂಪರ್ಕ ಅಲ್ಲಿಗೇ ಕಡಿಯಿತು. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕಿರಿ. ಒಣಮಣ್ಣಿನ ಅರ್ಥಿಂಗ್ ಒಂದರಿಂದಲೇ ಎಂ.ಸಿ.ಬಿ. ಬೀಳಲಾರದು. ಅದಕ್ಕಾಗಿಯೇ ಮೂರನೆಯ ಕಾವಲು.

3. ಆರ್.ಸಿ.ಸಿ.ಬಿ.: ಹೋದ ಕರೆಂಟು ಅಷ್ಟೇ ಹಿಂದಿರುಗುತ್ತಿದೆಯೇ ಎಂದು ಇದು ತಾಳೆ ನೋಡುತ್ತದೆ. 30 ಮಿಲಿ ಆಂಪಿಯರ್ ಸೋರಿದರೆ 0.3 ಸೆಕೆಂಡಿನೊಳಗೆ ಲೈನು ಕಡಿಯುವಂಥದನ್ನೇ ಕೊಳ್ಳಿರಿ. 100 ಮಿಲಿ ಆಂಪಿಯರ್ ದೇಹದಲ್ಲಿ ಹರಿದರೆ ಪ್ರಾಣ ಹೋಗಬಹುದು, ಅಷ್ಟಕ್ಕೆ ಎಂ.ಸಿ.ಬಿ. ಅಲುಗುವುದೂ ಇಲ್ಲ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ ಪರೀಕ್ಷಿಸಿರಿ.

ಹೊಸ ಗೀಸರ್ ಹಾಕಿದ ಮೇಲೆ ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತಿದ್ದರೆ, ಅದನ್ನು ಬಿಟ್ಟು ನೇರ ಲೈನು ಕೊಡಿಸಬೇಡಿರಿ. ಎಲ್ಲೋ ಸೋರಿಕೆ ಇರಬೇಕು, ಇಲ್ಲವೆ ನ್ಯೂಟ್ರಲ್ ಬೇರೆ ಲೈನಿನೊಂದಿಗೆ ಬೆರೆತಿರಬೇಕು. ಮೈನ್ ಸ್ವಿಚ್ ಆರಿಸಿ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿದ ಮೇಲೆಯೇ ಸ್ನಾನಕ್ಕೆ ಇಳಿಯಿರಿ.