ಗೋವಾ ರಸ್ತೆ ಬಿಟ್ಟು ಎಡಕ್ಕೆ ಹೊರಳಿ: ದೇಸೂರಿನಿಂದ ಕಿತ್ತೂರಿನವರೆಗೆ ಒಂದು ದಿನ

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿಯುವ ಹೊರಗಿನ ಕಾರುಗಳಲ್ಲಿ ಬಹಳಷ್ಟು ಗೋವಾಕ್ಕೆ ಹೊರಟಂಥವು. ಪೀರನವಾಡಿ, ಮಚ್ಛೆ, ದೇಸೂರ, ಖಾನಾಪುರ ಎಲ್ಲವೂ ಅದರಲ್ಲಿರುವವರಿಗೆ ದಾಟಿ ಹೋಗುವ ಫಲಕಗಳು. ಕದಂಬರು ಆಳಿದ ಹಲಸಿ, ರಾಯಣ್ಣ ಪ್ರಾಣ ಕೊಟ್ಟ ನಂದಗಡ, ಚನ್ನಮ್ಮನ ಕಿತ್ತೂರು ಮೂರೂ ಇದೇ ಹೆದ್ದಾರಿಯ ಎಡಬದಿಗೆ ಒಂದೇ ದಿನದ ಸುತ್ತಿನಲ್ಲಿ ಸಿಗುತ್ತವೆ ಎಂಬುದು ಬೆಳಗಾವಿಯವರಲ್ಲೇ ಅನೇಕರ ಲಕ್ಷ್ಯಕ್ಕೆ ಬಂದಿಲ್ಲ. ಎಲ್ಲ ಸೇರಿ ಸುಮಾರು 150 ಕಿ.ಮೀ. ಒಳಗಿನ ದಾರಿ. ಮನೆಮಂದಿಯೆಲ್ಲ ಕೂಡಿ ಹೋಗುವಂಥದ್ದು.

ಯಾವಾಗ, ಏನೇನು ಕಟ್ಟಿಕೊಳ್ಳಬೇಕು

ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಖಾನಾಪುರ ತಾಲ್ಲೂಕಿನ ಮಳೆ ಬೆಳಗಾವಿಯ ಮಳೆಗಿಂತ ಜೋರು. ಜುಲೈ-ಆಗಸ್ಟ್‌ನಲ್ಲಿ ಒಳರಸ್ತೆಗಳ ಭರವಸೆ ಇಲ್ಲ. ಹಿಂದಿನ ದಿನವೇ ಪೆಟ್ರೋಲ್ ತುಂಬಿಸಿ, ಸ್ಟೆಪ್ನಿಯಲ್ಲಿ ಗಾಳಿ ನೋಡಿಕೊಳ್ಳಿ. ಸಣ್ಣ ಊರುಗಳಲ್ಲಿ ಫೋನ್ ಪೇ ನಡೆಯುತ್ತದೆ, ಆದರೆ ಕಾಡಂಚಿಗೆ ಹೋದಂತೆ ನೆಟ್‌ವರ್ಕ್ ಕೈಕೊಡುವುದುಂಟು. ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ ನೋಟು ಇರಲಿ. ಬುತ್ತಿಯನ್ನಂತೂ ಮರೆಯಬೇಡಿ. ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದರೆ ಮಧ್ಯಾಹ್ನ ಹೋಟೆಲ್ ಹುಡುಕುವ ತೊಂದರೆಯೇ ಇಲ್ಲ.

ದೇಸೂರಿನಲ್ಲಿ ವೇಗ ಇಳಿಸಿ

ಬೆಳಗ್ಗೆ ಆರೂವರೆಗೆ ಬೆಳಗಾವಿ ಬಿಡಿ. ಮಚ್ಛೆಯ ಕಾರ್ಖಾನೆಗಳು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣ ದಾಟಿದರೆ ಪೇಟೆ ಹಿಂದೆ ಉಳಿಯಿತು. ದೇಸೂರ ದೊಡ್ಡ ಊರಲ್ಲ. ಲೋಂಡಾ ಮಾರ್ಗದಲ್ಲಿ ಒಂದು ಚಿಕ್ಕ ರೈಲು ನಿಲ್ದಾಣ, ಸುತ್ತ ಹೊಲಗದ್ದೆ. ಈ ಸೀಮೆಯ ಗುಡ್ಡದ ಮೇಲೆ ರಾಜಹಂಸಗಡವಿದೆ, ಯಳ್ಳೂರ ಗಡ ಎಂದೂ ಕರೆಯುತ್ತಾರೆ. ಒಳಗೆ ಸಿದ್ಧೇಶ್ವರ ಗುಡಿ. ಮಕ್ಕಳಿದ್ದರೆ ಕೋಟೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವುದೇ ಲೇಸು. ಇಲ್ಲಿ ಹೊತ್ತು ಕಳೆದು ಬಿಸಿಲೇರಿದ ಮೇಲೆ ಹಲಸಿ ತಲುಪಿದರೆ ಕಲ್ಲು ಕಾದು ಕಾಲು ಸುಡುತ್ತದೆ.

ಖಾನಾಪುರ: ತಿಂಡಿ ಮತ್ತು ಮಡಕೆ

ಬೆಳಗಾವಿಯಿಂದ ಸುಮಾರು 26 ಕಿ.ಮೀ. ಬಸ್ ಸ್ಟ್ಯಾಂಡ್ ಸುತ್ತಮುತ್ತ ತಿಂಡಿ ಮುಗಿಸಿ. ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುತ್ತವೆ. ದಾರಿ ಕೇಳುವಾಗ ಹಿರಿಯರನ್ನು ‘ಕಾಕಾ’ ಎಂದು ಕರೆದು ಮಾತು ಶುರು ಮಾಡಿದರೆ ಯಾವ ಭಾಷೆಯವರಾದರೂ ನಿಂತು ಹೇಳುತ್ತಾರೆ.

ಈ ಊರಿನ ಮಣ್ಣಿಗೆ ಹೆಸರಿದೆ. ಹಂಚು, ಇಟ್ಟಿಗೆ, ಮಡಕೆ ಇಲ್ಲಿಯ ಹಳೆಯ ಕಸುಬು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಇಲ್ಲೇ. ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದು ನೋಡಿ. ಠಣ್ ಎಂದರೆ ಚೆನ್ನಾಗಿ ಬೆಂದಿದೆ. ದನಿ ಮೊಂಡಾಗಿದ್ದರೆ ಎಲ್ಲೋ ಬಿರುಕಿದೆ ಎಂದರ್ಥ. ಊರ ಹತ್ತಿರದ ಅಸೋಗಾದಲ್ಲಿ ಮಲಪ್ರಭೆಯ ದಂಡೆಗೆ ರಾಮಲಿಂಗೇಶ್ವರನ ಗುಡಿ ಇದೆ. ಸಮಯ ನೋಡಿಕೊಂಡು ಹೋಗಿ, ನೀರಿಗಂತೂ ಇಳಿಯಬೇಡಿ.

ಹಲಸಿಗೆ ಎರಡು ಗಂಟೆ ಕೊಡಿ

ಖಾನಾಪುರದಿಂದ ಗೋವಾ ಹೆದ್ದಾರಿ ಬಿಟ್ಟು ಎಡಕ್ಕೆ. ಇಡೀ ದಿನದಲ್ಲಿ ಅವಸರ ಮಾಡಬಾರದ ಜಾಗವೆಂದರೆ ಇದೇ. ಇಂದು ಹಳ್ಳಿಯಾಗಿರುವ ಹಲಸಿ ಒಂದು ಕಾಲಕ್ಕೆ ಪಲಾಸಿಕಾ, ಬನವಾಸಿ ಕದಂಬರ ಎರಡನೆಯ ರಾಜಧಾನಿ. ಇಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಹಳೆಯದು ಐದನೆಯ ಶತಮಾನದ್ದು: ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಕಾಕುಸ್ಥವರ್ಮ ಹೊಲ ಕೊಟ್ಟ ದಾಖಲೆ. ಅವನ ವಂಶದ ಮೃಗೇಶವರ್ಮ ತಂದೆಯ ನೆನಪಿಗೆ ಇಲ್ಲಿ ಜಿನಾಲಯ ಕಟ್ಟಿಸಿದ.

ಮೊದಲು ಭೂವರಾಹ ನರಸಿಂಹ ದೇವಾಲಯಕ್ಕೆ ಹೋಗಿ. ಇದು ಮುಂದೆ ಬಂದ ಗೋವಾ ಕದಂಬರ ಕಾಲದ್ದು, ಹನ್ನೆರಡನೆಯ ಶತಮಾನದ ಕಟ್ಟಡ. ಬಾಗಿಲಲ್ಲೇ ನಿಂತು ಮೇಲೆ ನೋಡಿ: ಶಿಖರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಕೆತ್ತನೆಯ ಗದ್ದಲವಿಲ್ಲ. ಕದಂಬ ಶಿಖರದ ಗುರುತೇ ಅದು. ಒಳಗೆ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಒಂದರಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹ, ಇನ್ನೊಂದರಲ್ಲಿ ಕೂತ ವಿಷ್ಣು. ನಡುವಿನ ಮಂಟಪದಲ್ಲಿ ನಿಂತರೆ ಎರಡೂ ದೇವರು ಒಟ್ಟಿಗೆ ಕಾಣುತ್ತಾರೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಿ. ಮೊಬೈಲ್ ಟಾರ್ಚ್ ಹೊಡೆಯುವ ಅಗತ್ಯವೇ ಬೀಳದು. ಇದು ಪೂಜೆ ನಡೆಯುವ ಗುಡಿ, ಫೋಟೊ ತೆಗೆಯುವ ಮುನ್ನ ಪೂಜಾರಿಯವರನ್ನು ಕೇಳಬೇಕು. ಆಮೇಲೆ ಊರೊಳಗೆ ನಡೆದೇ ಸುವರ್ಣೇಶ್ವರ, ಕಲ್ಮೇಶ್ವರ, ಜೈನ ಬಸದಿ ನೋಡಿ. ಪುಸ್ತಕದಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುವ ಕದಂಬರನ್ನು ಮಕ್ಕಳಿಗೆ ತೋರಿಸಲು ಬೆಳಗಾವಿಗೆ ಇಷ್ಟು ಹತ್ತಿರ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚದು.

ನಂದಗಡ, ಬೀಡಿ

ಹಲಸಿಯಿಂದ ನಂದಗಡ ಹತ್ತಿರ. 1831ರ ಜನವರಿ 26ರಂದು ಕಿತ್ತೂರು ಸೇನೆಯ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು ಇಲ್ಲಿ. ಸಮಾಧಿಯ ಮೇಲಿನ ಆಲದ ಮರವನ್ನು ಅವನ ಜೊತೆಗಾರ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂದು ಜನ ಹೇಳುತ್ತಾರೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಇಲ್ಲಿ ತೊಟ್ಟಿಲು ಕಟ್ಟುತ್ತಾರೆ. ಚಪ್ಪಲಿ ಹೊರಗೇ ಬಿಟ್ಟು ಹೋಗಿ. ಊರವರಿಗೆ ಅದು ಸ್ಮಾರಕಕ್ಕಿಂತ ದೇವರ ಜಾಗ. ಜನವರಿ 26ರ ಸುತ್ತಮುತ್ತ ಹೋಗುವುದಾದರೆ ಜನಸಂದಣಿಗೆ ಸಿದ್ಧರಾಗಿರಿ.

ಬುತ್ತಿ ಬಿಚ್ಚಲು ಇದೇ ಹೊತ್ತು. ಉಂಡು ಬೀಡಿಯ ಕಡೆ ಹೊರಡಿ. 1830ರ ಜನವರಿಯಲ್ಲಿ ರಾಯಣ್ಣನ ದಂಡು ಬೆಂಕಿ ಇಟ್ಟದ್ದು ಬೀಡಿಯ ಸರ್ಕಾರಿ ಕಚೇರಿಗೆ. ನೋಡಲು ಅಲ್ಲಿ ಹೆಚ್ಚೇನೂ ಉಳಿದಿಲ್ಲ, ಚಹಾಕ್ಕೆ ನಿಲ್ಲಬಹುದು.

ಕಿತ್ತೂರಿಗೆ ಮೂರರೊಳಗೆ

ಕೋಟೆಯ ಒಳಗಿನ ವಸ್ತುಸಂಗ್ರಹಾಲಯ ಸಂಜೆ ಮುಚ್ಚುತ್ತದೆ, ಆದ್ದರಿಂದ ಮೊದಲು ಅದನ್ನೇ ನೋಡಿ, ಅರಮನೆ ಆಮೇಲೆ. ಈಗಿರುವುದು ಬಿದ್ದ ಗೋಡೆ, ಉಳಿದ ಅಡಿಪಾಯ. ಆದರೂ ಅಡುಗೆಮನೆ, ಸ್ನಾನದ ಕೋಣೆ, ನೀರು ಹರಿಯುತ್ತಿದ್ದ ಕಾಲುವೆಗಳನ್ನು ಗುರುತಿಸಬಹುದು. ಗೋಡೆಯಲ್ಲಿ ಧ್ರುವತಾರೆ ನೋಡಲೆಂದು ಬಿಟ್ಟದ್ದೆಂದು ಹೇಳುವ ಕಿಂಡಿಯನ್ನು ಕಾವಲುಗಾರರಲ್ಲಿ ಕೇಳಿ ನೋಡಿ. ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ, ರಾಣಿ ಚನ್ನಮ್ಮನ ಸೇನೆಯ 1824ರ ಅಕ್ಟೋಬರ್ 23ರ ಕಾಳಗ ನಡೆದದ್ದು ಈ ಕೋಟೆಯ ಮುಂದೆ. ಪ್ರತಿ ವರ್ಷ ಅದೇ ದಿನದಿಂದ ಕಿತ್ತೂರು ಉತ್ಸವ. ಹೊತ್ತು ಉಳಿದರೆ ಸಮೀಪದ ದೇಗಾಂವಿಯ ಕಮಲನಾರಾಯಣ ಗುಡಿಗೂ ಹೋಗಿ. ಗೋವಾ ಕದಂಬ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು ಅದು.

ಬರುವಾಗ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದರೆ ಬೆಳಗಾವಿ ಸುಮಾರು ಒಂದು ಗಂಟೆಯ ದಾರಿ. ಕತ್ತಲಾದ ಮೇಲೆ ನಂದಗಡ ರಸ್ತೆಯಲ್ಲೇ ವಾಪಸ್ಸಾಗುವ ಯೋಚನೆ ಬೇಡ.

ಜಾಂಬೋಟಿ, ಕಣಕುಂಬಿಯ ಮಲಪ್ರಭೆಯ ಉಗಮವನ್ನು ಇದೇ ದಿನಕ್ಕೆ ತುರುಕಬೇಡಿ, ಅದು ಬೇರೆ ದಿಕ್ಕಿನ ದಾರಿ. ಭೀಮಗಡ ಕಾಡಿನ ಜಲಪಾತಗಳಿಗಂತೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬಾರದು.

ಸ್ವಂತ ಗಾಡಿ ಇಲ್ಲದವರು ಬೆಳಗಾವಿ ಬಸ್ ನಿಲ್ದಾಣದಿಂದ ಖಾನಾಪುರಕ್ಕೆ ಬರಬಹುದು, ಬಸ್ಸುಗಳಿಗೆ ಕೊರತೆಯಿಲ್ಲ. ಅಲ್ಲಿಂದ ಹಲಸಿ, ನಂದಗಡಕ್ಕೆ ಬಸ್ಸು ಕಡಿಮೆ. ಇಳಿದ ಕೂಡಲೇ ಕಂಟ್ರೋಲರ್ ಹತ್ತಿರ ಹೋಗಿ ಮರಳಿ ಬರುವ ಕೊನೆಯ ಬಸ್ಸಿನ ಸಮಯ ಕೇಳಿ ಬರೆದಿಟ್ಟುಕೊಳ್ಳಿ. ಬಸ್ಸಿನಲ್ಲಿ ಹೋಗುವವರು ಕಿತ್ತೂರನ್ನು ಬಿಟ್ಟು ಹಲಸಿ, ನಂದಗಡ ಎರಡನ್ನೇ ಇಟ್ಟುಕೊಂಡರೆ ನೆಮ್ಮದಿಯಾಗಿ ನೋಡಿ ಬರಬಹುದು.